ನಿನ್ನೆಯ ಮಾಸ್ಕು

ಆಗಸ್ಟ್ ಒಂಬತ್ತು, ಬೆಳಗಿನ ಆರು ಗಂಟೆ ಹತ್ತು ನಿಮಿಷ.

"ಕೈ ತೆಗಿಯೇ ಆಚೆ! ನಿಂಗ್ಯಾಕೆ ಮಾಸ್ಕು, ಮುಂಡೆ?"

ಆಸ್ಪತ್ರೆಯ ನೆಲಮಾಳಿಗೆ. ಬಟ್ಟೆ ಒಗೆಯುವ ಕೋಣೆಯಲ್ಲಿ ಸೂಪರ್‌ವೈಸರ್ ಮಾಸ್ಕಿನ ಡಬ್ಬಿಯ ಮುಚ್ಚಳ ಬಡಿದ. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಹೆಂಗಸರ ಬಾಯಲ್ಲಿ ಅವನ ಹೆಸರೂ ಸೀಟಿ. ಅಲ್ಲಿ ದುಡಿಯುವ ಓರಗಿತ್ತಿಯರಲ್ಲಿ ದೊಡ್ಡವಳು ಚಾಚಿದ ಕೈ ಹಿಂದಕ್ಕೆಳೆದುಕೊಂಡಳು.

"ಅಲ್ಲಿ ನೋಡು," ಎಂದು ಸೀಟಿ ಗೋಡೆಯತ್ತ ಗದ್ದ ಎತ್ತಿದ. ದೊಡ್ಡ ಡಾಕ್ಟರು ಅಂಟಿಸಿದ್ದ ಹಾಳೆ. ಈ ಸೋಂಕಿಗೆ ಸತ್ತವರ ಲೆಕ್ಕ, ಕಂಬಗಳಾಗಿ. ಗಂಡಸರದು ನೀಲಿ, ಹೆಂಗಸರದು ಹಳದಿ. ವಯಸ್ಸು ಏರಿದಂತೆ ಕಂಬವೂ ಏರುತ್ತಿತ್ತು. ಎಲ್ಲ ವಯಸ್ಸಿನಲ್ಲೂ ನೀಲಿಯೇ ಎತ್ತರ. ನಲವತ್ತರೊಳಗಿನ ಹೆಂಗಸರ ಹಳದಿಯಂತೂ ನೆಲಕ್ಕೆ ಅಂಟಿದ ಗೆರೆ. ಆ ಹಾಳೆ ನೋಡಿಯೇ ಗಂಡಸರಿಗೆ ಹೆಚ್ಚು ಮಂಚ ಹಂಚಿದ್ದರು, ದಪ್ಪ ಮಾಸ್ಕನ್ನೂ ಅವರಿಗೇ ಹಂಚಿದ್ದರು. "ಸಾಯೋರು ಗಂಡಸ್ರು. ನಿಮ್ಮದು ಗಟ್ಟಿ ಪಿಂಡ."

"ಇಸ್ತ್ರಿ ಹಾಕ್ತಿದ್ದ ಮುದುಕಿ ಮನೇಲಿ ಸತ್ಲಲ್ಲ ಸಾರ್, ಅವಳು ಯಾವ ಕಂಬದಾಗಿದಾಳೆ?" ಎಂದಳು ದೊಡ್ಡವಳು.

"ಅವಳಿಗೆ ಟೆಸ್ಟೇ ಮಾಡಿಲ್ಲ. ಯಾವ ರೋಗವೋ ಏನೋ. ಬಾಯಿ ಮುಚ್ಕೊಂಡು ಬಟ್ಟೆ ಕೊಡವು."

ವಾರ್ಡಿನಿಂದ ಬಂದ ಹೊದಿಕೆಗಳನ್ನು ಬಿಸಿನೀರಿಗೆ ಹಾಕುವ ಮೊದಲು ಕೊಡವಬೇಕು. ಮಡಿಕೆಯಲ್ಲಿ ಸೂಜಿ, ಹಲ್ಲಿನ ಸೆಟ್ಟು, ಕನ್ನಡಕ ಸಿಕ್ಕಿಕೊಂಡಿರುತ್ತವೆ. ಕೊಡವಿದ್ದೆಲ್ಲ ಮುಖಕ್ಕೇ ಬರುತ್ತದೆ. ದೊಡ್ಡವಳು ಹಳೆ ಬಟ್ಟೆಯ ಚೂರನ್ನು ಮೂಗಿಗೆ ಕಟ್ಟಿಕೊಂಡಳು.

ಮೇಜಿನ ಆಚೆ ತುದಿಯಲ್ಲಿ ಅವಳ ಓರಗಿತ್ತಿ, ಚಿಕ್ಕವಳು, ದಪ್ಪ ಮಾಸ್ಕು ಹಾಕಿಕೊಂಡೇ ನಿಂತಿದ್ದಳು. ಗಂಡನದ್ದು, ನಿನ್ನೆಯದು. ಸ್ಟ್ರೆಚರ್ ತಳ್ಳುವ ಗಂಡಸರು ದಿನವಿಡೀ ವಾರ್ಡಿನಲ್ಲಿ ಹಾಕಿಕೊಂಡದ್ದನ್ನು ಮನೆಗೆ ತಂದು, ಮೊಳೆಗೆ ನೇತುಹಾಕಿ, ಬೆಳಗ್ಗೆ ಹೆಂಡತಿಯರಿಗೆ ಕೊಡುತ್ತಿದ್ದರು. ಆ ನೆಲಮಾಳಿಗೆಯಲ್ಲಿ ಅದೇ ಒಡವೆ. ಗಂಡ ಬದುಕಿದ್ದಾನೆ ಎನ್ನುವುದಕ್ಕೆ ಮುಖದ ಮೇಲೇ ಸಾಕ್ಷಿ.

ದೊಡ್ಡವಳಿಗೆ ಅದನ್ನು ಕಂಡರೆ ಹೊಟ್ಟೆಯಲ್ಲಿ ಕೆಂಡ. ಇಬ್ಬರ ಗಂಡಂದಿರೂ ಒಂದೇ ತಾಯಿಯ ಮಕ್ಕಳು, ಒಂದೇ ಸ್ಟ್ರೆಚರಿನ ಎರಡು ತುದಿ ಹಿಡಿದವರು. ಐವತ್ತೆರಡರ ಅಣ್ಣ, ಇವಳ ಗಂಡ, ಹೋದ; ನಲವತ್ತರ ತಮ್ಮ ಎರಡು ದಿನ ಕೆಮ್ಮಿ ಎದ್ದು ಕೂತ. ಒಂದೇ ಕೋಣೆಗೆ ಪರದೆ ಕಟ್ಟಿಕೊಂಡ ಸಂಸಾರ. ಪರದೆಯಾಚೆ ಮೈದುನ ತಟ್ಟೆ ಸರಿಸಿದರೂ ಇವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಒಮ್ಮೆ ಯಾರೂ ಇಲ್ಲದಾಗ ಮೊಳೆಯಿಂದ ಆ ಮಾಸ್ಕು ತೆಗೆದು ಹಾಕಿಕೊಂಡಿದ್ದಳು. ಬೆವರಿನ ವಾಸನೆ. ತನ್ನವನದೂ ಹೀಗೇ ಇತ್ತು.

ಹೊದಿಕೆ ಕೊಡವುತ್ತಿದ್ದ ಚಿಕ್ಕವಳ ಕೈ ನಿಂತಿತು.

"ಸಾರ್, ನಿನ್ನೆಯಿಂದ ಉಸಿರು ಎಳೀತಾ ಇದೆ. ಮೇಲೆ ಹೋಗಿ ತೋರಿಸ್ಲಾ?"

"ವಯಸ್ಸೆಷ್ಟೇ?"

"ಮೂವತ್ತಾರು."

ಸೀಟಿ ಹಳದಿ ಗೆರೆಯ ಮೇಲೆ ಬೆರಳಿಟ್ಟು ನಕ್ಕ. "ಈ ವಯಸ್ಸಿನ ಹೆಂಗಸ್ರು ಸಾಯೋದಿಲ್ಲ, ಕೆಲಸ ಕದೀತಾರೆ. ರಾತ್ರಿಯೆಲ್ಲ ಗಂಡನ ಜೊತೆ ಕುಣಿದು ಬೆಳಗ್ಗೆ ಉಸಿರು ಬರಲ್ವಂತೆ!"

ದೊಡ್ಡವಳೂ ನಕ್ಕಳು. ನಗು ತಾನಾಗಿ ಬಂದಿತ್ತು. ಇವಳೂ ಸ್ವಲ್ಪ ಅನುಭವಿಸಲಿ.

ಚಿಕ್ಕವಳು ಮೇಜು ಹಿಡಿದುಕೊಂಡು ಬಂದು ಮಾಸ್ಕು ಬಿಚ್ಚಿ ಇವಳತ್ತ ಚಾಚಿದಳು. "ಅಕ್ಕಾ, ನೀನಾದ್ರೂ ಹಾಕ್ಕೋ. ನಂಗೆ ಇದ್ರೊಳಗೆ... ಆಗ್ತಿಲ್ಲ."

ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣವನ್ನು ದೊಡ್ಡವಳು ಒಮ್ಮೆ ನೋಡಿದ್ದಳು, ಪರದೆಯ ಈಚೆ, ತನ್ನ ಹಾಸಿಗೆಯಲ್ಲಿ. ಮಾಸ್ಕು ಕಸಿದು ನೆಲಕ್ಕೆಸೆದಳು.

"ಸತ್ರೆ ನಿನ್ ಗಂಡ ಇನ್ನೊಬ್ಬಳನ್ನ ತರ್ತಾನೆ, ಆ ಪರದೆ ಹಿಂದೆ ಅವಳ ನಗು ಬೇರೆ ನಾನ್ ಕೇಳಬೇಕಾ? ಹತ್ತೇ ಗಾಡಿ!"

ಮೈಲಿಗೆ ಬಟ್ಟೆಯ ಗಾಡಿಯಲ್ಲಿ ಅವಳನ್ನು ಮಡಚಿ ಕೂರಿಸಿ ತಳ್ಳಿದಳು. ಹಿಂದೆ ಸೂಪರ್‌ವೈಸರ್ ಸೀಟಿ ಊದಿದ. ಇಳಿಜಾರು ಹತ್ತುವಾಗ ಹಿಂದಿನಿಂದ ಬೈಗುಳ ಬಂತು, ಮೇಲಿನ ವಾರ್ಡಿನ ಬಾಗಿಲ ಬಳಿ ಅವನೇ ಓಡಿಬಂದು ಅಡ್ಡ ನಿಂತ.

"ಇದು ಗಂಡಸ್ರ ವಾರ್ಡು ಕಣೇ ರಂಡೆ! ಹೆಂಗಸ್ರದ್ದು ಭರ್ತಿಯಾಗಿದೆ, ಹೊರಗೆ ಕೂರಿಸು."

"ಇಲ್ಲಿ ಮೂರು ಮಂಚ ಖಾಲಿ. ಅವುಗಳ ಬಟ್ಟೆ ಈಗಷ್ಟೇ ನಾನೇ ಕೊಡವಿದ್ದು. ಸರೀತೀಯಾ, ಹತ್ತಿಸ್ಲಾ?"

ಗಾಡಿಯ ಚಕ್ರ ಅವನ ಪಾದದ ಮೇಲೆ ಹತ್ತಿ ಇಳಿಯಿತು. ಕಿಟಕಿ ಪಕ್ಕದ ಮಂಚ, ತನ್ನವನು ಮಲಗಿದ್ದ ಮಂಚ. ಚಿಕ್ಕವಳನ್ನು ಅಲ್ಲಿ ಮಲಗಿಸಿ ದೊಡ್ಡವಳು ಮಂಚದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

ವಾರ್ಡಿನ ಕೊನೆಯಲ್ಲಿದ್ದ ಮೈದುನ ಸ್ಟ್ರೆಚರ್ ಬಿಟ್ಟು ಓಡಿಬಂದ. ಹೆಂಡತಿಯ ಪಾದ ಹಿಡಿದು ಮಗುವಿನಂತೆ ಅತ್ತ. ಅಳೋಕೂ ಇವಳಿಗೊಬ್ಬ ಇದಾನೆ, ಎಂದುಕೊಂಡಳು ದೊಡ್ಡವಳು. ಕೆಂಡ ಆರಿರಲಿಲ್ಲ. ಕಂಬಿಯನ್ನು ಬಿಡಲೂ ಇಲ್ಲ.

"ಇಲ್ಲಿ ಹೆಂಗಸರನ್ನ..." ನರ್ಸಮ್ಮ ತಡವರಿಸಿದಳು.

"ಗಂಡಸು ಅಂದ್ಕೊಂಡು ನೋಡಿ ಅಮ್ಮಾ. ಬೆರಳಿಗೆ ಹಾಕಿ."

ನರ್ಸಮ್ಮ ಸೀಟಿಯ ಮುಖ ನೋಡಿದಳು, ತುಟಿಯ ಬಣ್ಣ ನೋಡಿದಳು. ಬೆರಳಿಗೆ ರಕ್ತದ ಆಮ್ಲಜನಕ ತೋರಿಸುವ ಕ್ಲಿಪ್ಪು ಸಿಕ್ಕಿಸಿದಳು. ತೊಂಬತ್ತಕ್ಕಿಂತ ಇಳಿದರೆ ಜೀವಕ್ಕೆ ಅಪಾಯ. ದೊಡ್ಡವಳ ಗಂಡನನ್ನು ತಂದ ದಿನ ಅದು ಎಂಬತ್ತೆರಡು ತೋರಿಸಿತ್ತು.

ಕೆಂಪು ಅಂಕಿ ಏರಿಳಿದು ನಿಂತಿತು. ಎಪ್ಪತ್ತೊಂಬತ್ತು.