ಅಜ್ಜಿಯ ಪಾಲಿನ ಗೆಣಸು

ಸಂಘದ ಅಕ್ಕಂದಿರೇ, ನಾನು ಸುನಮಣಿ, ರಾಯಗಡದ ಬೆಟ್ಟದ ಕೊಂಧ ಬುಡಕಟ್ಟಿನವಳು. ಇಂದು ಕೆಳಗಿನ ಊರುಗಳವರೂ ಬಂದಿದ್ದೀರಿ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಹೇಳಲು ನಾಚಿಕೆಯಾಗುತ್ತದೆ.

ಕೊರೊನಾ ಬಂದ ವರ್ಷ ಸಂತೆ ನಿಂತಿತು. ಕೇರಳದ ಹೋಟೆಲಿನಲ್ಲಿದ್ದ ನನ್ನ ಗಂಡ ಸಿತ್ರು ಕೆಲಸ ಕಳೆದುಕೊಂಡು ಬಂದ. ಅವನ ಹಾಗೆ ಮರಳಿದವರು ಮನೆಗೊಬ್ಬರಿದ್ದರು. ರೇಷನ್ ಅಕ್ಕಿ ಅರ್ಧ ತಿಂಗಳಿಗೇ ಮುಗಿಯುತ್ತಿತ್ತು. ಊರಿಗೆ ಊರೇ ಹಾರೆ ಹಿಡಿದು ಕಾಡುಗೆಣಸಿಗೆ ಬೆಟ್ಟ ಹತ್ತಿತು.

ಗೆಣಸು ಅಗೆದರೆ ಬಳ್ಳಿ ಹುಟ್ಟುವ ತಲೆಯನ್ನು ಕೊಯ್ದು ಅದೇ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚುವುದು ನಮ್ಮ ರೂಢಿ. ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಹಳ್ಳದ ಪಕ್ಕದ ಬಳ್ಳಿಗಳನ್ನು ಮಾಲೋ ಅಜ್ಜಿಗೆಂದು ಎಲ್ಲರೂ ಬಿಡುತ್ತಿದ್ದೆವು. ಅವಳು ಒಂಟಿ, ಬೆಟ್ಟ ಹತ್ತಲಾರಳು. ನಾನು ಅಲ್ಲಿಗೇ ಕೈ ಹಾಕಿದೆ.

“ಅಜ್ಜಿ ಪಾಲು ಕಣೇ ಇದು. ತಲೆನಾದ್ರೂ ಮುಚ್ಚು,” ಅಂದ ಸಿತ್ರು.

“ನಾವು ಬಿಟ್ರೆ ಇನ್ನೊಬ್ರು ಒಯ್ತಾರೆ. ಮುಂದಿನ ವರ್ಷ ಇರ್ತೀವೋ ಇಲ್ವೋ. ತಲೆ ಸೇರಿದ್ರೆ ಬುಟ್ಟಿ ತುಂಬುತ್ತೆ, ನಡಿ.”

ಗುಂಡಿಗಳನ್ನು ಹಾಗೇ ಬಿಟ್ಟು ಬಂದೆ. ಮನೆಯಲ್ಲಿ ನೋಡಿದರೆ ತಲೆಗಳೆಲ್ಲ ಬರೀ ನಾರು, ಎಷ್ಟು ಬೇಯಿಸಿದರೂ ಬೇಯಲಿಲ್ಲ. ಉಳಿದವನ್ನು ತಿಪ್ಪೆಗೆ ಎಸೆದೆ.

ವಾರ ಕಳೆದು ಮಾಲೋ ಅಜ್ಜಿ ಹಳ್ಳದ ಕಡೆಯಿಂದ ಖಾಲಿ ಬುಟ್ಟಿ ಹಿಡಿದು ಬಂದಳು. ನಮ್ಮ ತಿಪ್ಪೆಯ ಹತ್ತಿರ ನಿಂತಳು. ಬೈಯುತ್ತಾಳೆಂದು ಬಾಗಿಲ ಹಿಂದೆ ಅವಿತೆ. ಅವಳು ಬಗ್ಗಿ ಒಂದೊಂದೇ ತಲೆ ಹೆಕ್ಕತೊಡಗಿದಳು. ನಾನು ಹೊರಗೆ ಬಂದೆ.

“ಅಜ್ಜೀ, ಅದು ಬೇಯಲ್ಲ. ಒಳಗ್ ಬಾ, ರಾಗಿ ಗಂಜಿ ಇದೆ.”

“ತಿನ್ನೋಕಲ್ಲ ಕಣವ್ವಾ, ಹೂಳೋಕೆ. ಹಸಿವಲ್ಲಿ ಮರ್ತು ಬಂದಿದೀಯ ಪಾಪ.”

 ಬುಟ್ಟಿ ಹೊತ್ತು ಅವಳ ಹಿಂದೆ ಹಳ್ಳದ ಕಡೆ ನಡೆದೆ. ಹನ್ನೊಂದು ತಲೆ ಹೂತೆವು. ಬಿಸಿಲಿಗೆ ಒಣಗಿದ್ದವು, ಮಳೆಗೆ ಚಿಗುರಿದ್ದು ಮೂರೇ. ಆ ವರ್ಷವೆಲ್ಲ ಅಜ್ಜಿ ನಮ್ಮ ಮನೆಯಲ್ಲೇ ಉಂಡಳು. ಅವಳು ಒಂದೊಂದು ತುತ್ತು ಎತ್ತಿದಾಗಲೂ ನಾನು ತಲೆ ತಗ್ಗಿಸುತ್ತಿದ್ದೆ.

ಅಕ್ಕಂದಿರೇ, ಮತ್ತೆ ರೋಗ ಬಂದು ಸಂತೆ ನಿಂತರೆ ನಾವೆಲ್ಲ ಕಾಡಿಗೇ ಹೋಗುತ್ತೇವೆ. ಹೋಗಿ, ಅಗೆಯಿರಿ, ಮಕ್ಕಳಿಗೆ ಉಣಿಸಿ. ತಲೆಯನ್ನು ಮಾತ್ರ ಅಲ್ಲೇ ಹೂತು ಬನ್ನಿ. ಕೈಲಾಗದವರ ಪಾಲನ್ನು ಮುಟ್ಟಬೇಡಿ.

ಮಾಲೋ ಅಜ್ಜಿ ಈಗಲೂ ನನ್ನನ್ನು ಮರೆಗುಳಿ ಎಂದು ರೇಗಿಸುತ್ತಾಳೆ. ಇಗೋ, ಮುಂದಿನ ಸಾಲಿನಲ್ಲೇ ಕೂತಿದ್ದಾಳೆ.

ಅಜ್ಜೀ, ಅವತ್ತು ನಾನು ಮರೆತಿರಲಿಲ್ಲ.