ಯಾರನ್ನೂ ಆಯ್ದುಕೊಳ್ಳದ ಹುಡುಗ

ಸೌದೆ ಬೀಳುವ ಸದ್ದು, ಒಂದರ ಮೇಲೊಂದು, ಹಿತ್ತಲಾಚೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಯಾರೋ ಸೌದೆ ತಳ್ಳುತ್ತಿದ್ದಾರೆ, ಅವನೇ ಇರಬೇಕು, ಇವತ್ತು ಕಾಲೇಜಿನಲ್ಲಿ ಮೊದಲ ಪಿರಿಯಡ್ ಇಲ್ಲವಲ್ಲ — ಅಲ್ಲ, ಅವನಲ್ಲ, ಅಂಕಯ್ಯ, ಆಳು ಅಂಕಯ್ಯನ ಕೆಮ್ಮು ಅದು, ಶಾಂತಲಾ ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದಾಳೆ. ನಿನ್ನೆ ಗಂಡನ ತಿಥಿ ಮುಗಿಯಿತು, ನೆಂಟರು ಟೆಂಪೋ ಹತ್ತಿದರು, ಶಾಮಿಯಾನದ ಗೂಟ ಕಿತ್ತರು, ಅಂಗಳದಲ್ಲಿ ಗೂಟದ ಗುಂಡಿಗಳು ಮಾತ್ರ ಉಳಿದಿವೆ, ಇವತ್ತು ಯಾರೂ ಬರುವುದಿಲ್ಲ, ಯಾರೂ ಅಳುವುದಿಲ್ಲ, ಇವತ್ತು ಬರಿಯ ಒಂದು ಬೆಳಗು. ಸೊಪ್ಪು ಬೇಯುವ ವಾಸನೆ, ಸಿಹಿ, ಒಂದಿಷ್ಟು ಕಮಟು — ಚಲುವರಾಜು ಪಿರಿಯಾಪಟ್ಟಣದ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಕುರ್ಚಿಯಿಂದ ಎದ್ದವನು ಹಾಗೇ ಕುಸಿದ ದಿನವೂ ಇದೇ ವಾಸನೆ, ತಲೆಯೊಳಗೆ ರಕ್ತನಾಳ ಒಡೆದಿದೆ ಎಂದರು, ಅವನನ್ನು ತಂದು ನಡುಮನೆಯಲ್ಲಿ ಮಲಗಿಸಿದಾಗಲೂ ಬ್ಯಾರನ್ನಿನ ಬೆಂಕಿ ಉರಿಯುತ್ತಲೇ ಇತ್ತು, ಬೆಂಕಿ ನಂದಿದರೆ ಒಳಗಿರುವ ಸೊಪ್ಪೆಲ್ಲ ಕಪ್ಪಾಗಿಬಿಡುತ್ತದೆ, ಹಾಗಾಗಿ ಹೆಣದ ಹತ್ತಿರ ಕೆಲವರು ಕೂತರು, ಬೆಂಕಿಯ ಹತ್ತಿರ ಕೆಲವರು ಕೂತರು. ಯಾರೂ ಅದನ್ನು ತಪ್ಪೆನ್ನಲಿಲ್ಲ. ಅವಳಿಗೂ ತಪ್ಪೆನಿಸಲಿಲ್ಲ, ಅವಳಿಗೆ ಏನೂ ಅನ್ನಿಸಲೇ ಇಲ್ಲ, ಹಲ್ಲು ಕೀಳಿಸಿಕೊಂಡ ಮೇಲೆ ದವಡೆ ಮರಗಟ್ಟಿರುತ್ತದಲ್ಲ, ಮುಟ್ಟಿದರೆ ಬೇರೆಯವರ ದವಡೆಯಂತೆ, ಹಾಗೆ.

ಅಡುಗೆಮನೆಯಲ್ಲಿ ಅತ್ತೆ ಸಾಕಮ್ಮ ಲೋಟ ಇಟ್ಟ ಸದ್ದು. ಎದ್ದು ಕಾಫಿ ಕುಡಿ ಮಗ, ಇನ್ನೊಂದು ಐತಲ್ಲ ಕೊಡೋದು, ಅದೂ ಕೊಟ್ಬುಡು. ಕೊಡೋದು ಅಂದರೆ ಎರವಲು. ಸತ್ತವನು ಇಸಿದುಕೊಂಡಿದ್ದ ಪದಾರ್ಥ ಹೆಂಡತಿಯ ಕೈಯಿಂದಲೇ ಹಿಂದಿರುಗಬೇಕು, ಬೇರೆಯವರ ಕೈಲಿ ಕಳಿಸಿದರೆ ಅವನ ಜೀವ ಆ ಬಾಗಿಲಲ್ಲೇ ನಿಂತಿರುತ್ತದೆ, ಈ ಮನೆಯಲ್ಲಿ ಹಾಗೆ. ಮೂರು ತಿಂಗಳು ಹೊಸಿಲು ದಾಟಬಾರದ ಹೆಂಗಸಿಗೆ ಇದೊಂದಕ್ಕೆ ಮಾತ್ರ ವಿನಾಯಿತಿ. ನಿಂಗರಾಜುವಿನ ಹಾರೆ ಕೊಟ್ಟು ಬಂದದ್ದಾಯಿತು, ಕರಿಯಯ್ಯನ ಔಷಧಿ ಹೊಡೆಯುವ ಕ್ಯಾನು, ಯಾರದೋ ಕೊಡೆ, ಎಷ್ಟೊಂದು ಎರವಲು, ಯಾಕೆಂದರೆ ಅವನ ಹಾರೆಯನ್ನು ಯಾರೋ ಒಯ್ದಿರುತ್ತಿದ್ದರು, ಅವನು ಇನ್ನಾರದನ್ನೋ ತರುತ್ತಿದ್ದ, ಯಾರು ಏನು ಕೇಳಿದರೂ ಅವನ ಬಾಯಲ್ಲಿ ಒಂದೇ ಮಾತು, ಆಗಲಿ. ಪರೀಕ್ಷೆಯ ಕೆಲಸಕ್ಕೆ ನೀವೇ ಹೋಗಿ ಸಾರ್, ಆಗಲಿ. ನಮ್ಮ ಹುಡುಗಿಗೆ ಸಾಯಂಕಾಲ ಪಾಠ ಹೇಳಿ ಮೇಷ್ಟ್ರೇ, ಆಗಲಿ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ಎಂ.ಎ. ಮುಗಿಯುವ ಮುಂಚಿನ ವಾರ, ನಾವು ಮದುವೆ ಆಗೋಣವಾ ಎಂದು ಬಾಯಿಬಿಟ್ಟು ಕೇಳಿದ್ದು ಅವಳು, ಅವನಲ್ಲ, ಅವನು ಕೆರೆಯ ಕೊಕ್ಕರೆ ನೋಡುತ್ತ — ಕಾಫಿ ಆರುತ್ತಿದೆ, ಕುಡಿಯಬೇಕು — ಕೊಕ್ಕರೆ ನೋಡುತ್ತ, ಆಗಲಿ ಅಂದ. ಹಾರೆಗೆ ಹೇಳಿದ ಮಾತೇ. ಆರು ವರ್ಷ ಅದನ್ನು ನಗೆಮಾತು ಮಾಡಿಕೊಂಡಿದ್ದಳು, ಈಗ ಜೊತೆಗೆ ನಗುವವನಿಲ್ಲ, ಮಾತು ಮಾತ್ರ ಬಂದು ಎದುರಿಗೆ ಕೂತಿದೆ, ಏಳುವುದಿಲ್ಲ, ನನ್ನನ್ನು ಬಯಸಿ ಮದುವೆಯಾದೆಯೋ, ಇಲ್ಲ ಅನ್ನಲು ಬಾರದೆ ಆದೆಯೋ, ಇನ್ನು ಯಾರನ್ನು ಕೇಳಲಿ.

ಅವನ ಕಾಲೇಜಿನ ಚೀಲದಲ್ಲಿ, ಊಟದ ಡಬ್ಬಿಯ ಕೆಳಗೆ, ಪ್ಲಾಸ್ಟಿಕ್ ಹೊದಿಕೆಯಲ್ಲಿ ಉಳಿದ ಆ ಒಂದು ಎರವಲು, ಸಿನಿಮಾದ ಡಿಸ್ಕು. ಪಕ್ಕದ ಕೊಪ್ಪದಲ್ಲಿ ಟಿಬೆಟಿನ ಹೆಂಗಸು ಡೋಲ್ಮಾಳ ಅಂಗಡಿಯದು, ಸ್ವೆಟರು, ನೂಡಲ್ಸು, ಊದುಬತ್ತಿಗಳ ನಡುವೆ ಒಂದು ಕಪಾಟಿನ ತುಂಬ ಬಾಡಿಗೆಯ ಡಿಸ್ಕುಗಳು, ಅದರಲ್ಲಿ ಜಪಾನಿನ ಕಾರ್ಟೂನು ಸಿನಿಮಾ, ಅನಿಮೆ ಅನ್ನುತ್ತಾರೆ ಕಣೇ, ಮಕ್ಕಳದಲ್ಲ, ದೊಡ್ಡವರದೇ, ಅಂದಿದ್ದ ಅವನು. ಭಾನುವಾರ ಮಧ್ಯಾಹ್ನ ಕರೆಂಟ್ ಇದ್ದರೆ ಇಬ್ಬರೂ ಗೋಡೆಗೊರಗಿ ಕೂತು ನೋಡುವುದು, ಅಲ್ಲಿ ಮಾತು ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ, ಅವನು ಮೆಲ್ಲಗೆ ಓದಿ ಹೇಳುವುದು, ಅವಳಿಗೂ ಓದಲು ಬರುತ್ತಿತ್ತು, ಆದರೂ ಅವನೇ ಓದಲಿ. ಈ ಕಥೆಯಲ್ಲಿ ಒಬ್ಬ ಹುಡುಗ, ತೀರ ಸಾಧಾರಣ, ಬೆಟ್ಟದ ಮೇಲಿನ ಒಂದು ಹಳೆಯ ಮನೆ, ಆ ಮನೆಯಲ್ಲಿ ಬಾಡಿಗೆಗೆ ಐವರು ಹುಡುಗಿಯರು, ಐವರಿಗೂ ಅವನ ಮೇಲೇ ಮನಸ್ಸು. ಇಂಥದಕ್ಕೆ ಹ್ಯಾರೆಮ್ ಕಥೆ ಅಂತ ಹೆಸರಂತೆ. ರಾಜನ ಅಂತಃಪುರವಾ, ಅವಳು ನಕ್ಕಿದ್ದಳು, ರಾಜನಿಗಾದರೂ ರಾಜ್ಯ ಇತ್ತು, ಇವನಿಗೆ ಏನಿದೆ, ಐವರಲ್ಲಿ ಒಬ್ಬಳೂ ಬುದ್ಧಿ ಇದ್ದವಳಲ್ಲವಾ, ನಂಬುವ ಹಾಗಿದೆಯಾ ಇದು. ಅವನು, ನಂಬಬಹುದು, ಆ ಹುಡುಗ ಎಲ್ಲರಿಗೂ ಒಳ್ಳೆಯವನು ನೋಡು, ಒಬ್ಬಳಿಗೆ ಜ್ವರ ಬಂದರೆ ಗಂಜಿ ಕಾಯಿಸುತ್ತಾನೆ, ಒಬ್ಬಳ ಸೈಕಲ್ ರಿಪೇರಿ ಮಾಡುತ್ತಾನೆ, ಒಬ್ಬೊಬ್ಬಳಿಗೂ ಅವನ ಒಂದೊಂದು ತುಂಡು ಸಿಗುತ್ತದೆ, ಅದೇ ಇಡೀ ಮನುಷ್ಯ ಅಂದುಕೊಳ್ಳುತ್ತಾಳೆ. ಅವಳು, ಅದು ಸರಿ, ಐವರು ಮೆಚ್ಚುವುದು ಸುಳ್ಳಲ್ಲ, ಇವನು ಸುಮ್ಮನಿರುವುದು ಸುಳ್ಳು, ಒಬ್ಬಳನ್ನು ಆಯ್ದುಕೊಳ್ಳಬೇಕು, ಉಳಿದ ನಾಲ್ವರಿಗೆ ಹೇಳಬೇಕು, ಹೇಳದೆ ಎಲ್ಲರನ್ನೂ ಒಂದೇ ಸೂರಿನಡಿ ಇಟ್ಟುಕೊಂಡು ಗಂಜಿ ಕಾಯಿಸುತ್ತಾನಲ್ಲ, ಅದು ಒಳ್ಳೆಯತನವಲ್ಲ, ಹೇಡಿತನ. ಇಷ್ಟು ಜೋರಾಗಿ ಹೇಳಿದ್ದಳಾ? ಹೇಳಿದ್ದಳು. ಅವನು ಟಿವಿಯ ಕಡೆಯೇ ನೋಡುತ್ತ, ಆಯ್ದುಕೊಳ್ಳೋದು ಕಷ್ಟ ಅಲ್ಲ ಕಣೇ, ಉಳಿದವರಿಗೆ ಹೇಳೋದು ಕಷ್ಟ ಅಂದ, ಅಷ್ಟರಲ್ಲಿ ಕರೆಂಟ್ ಹೋಯಿತು, ತೆರೆಯ ಮೇಲೆ ಅವರಿಬ್ಬರ ಮುಖ ಕಪ್ಪಗೆ. ನಾಲ್ಕು ಡಿಸ್ಕಿನ ಕಥೆ, ಮೂರು ನೋಡಿದ್ದರು, ಇದು ನಾಲ್ಕನೆಯದು, ಇದನ್ನು ನೋಡುವ ಭಾನುವಾರ ಬರಲಿಲ್ಲ.

ಹಿತ್ತಲಿನ ಚಪ್ಪರದಡಿ ಹೆಂಗಸರು ಸೊಪ್ಪು ಕಟ್ಟುತ್ತಿದ್ದಾರೆ, ಕಡ್ಡಿಗೆ ದಾರ ಸುತ್ತಿ ಎಲೆ ಪೋಣಿಸುತ್ತ, ಬೆರಳಿಗೆಲ್ಲ ಹಸಿರು ಅಂಟು. ಈ ದಿನಗಳಲ್ಲಿ ಅವರೆಲ್ಲ ಅತ್ತದ್ದು ಅಲ್ಲೇ, ಒಬ್ಬೊಬ್ಬರೂ ಒಬ್ಬೊಬ್ಬ ಚಲುವರಾಜುವನ್ನು ನೆನೆದು ಅತ್ತರು, ಶಾಂತಲಾ ಕೂತು ಕೇಳಿದಳು. ದೊಡ್ಡಮ್ಮನಿಗೆ ಕಣ್ಣಿನ ಆಪರೇಷನ್ ಮಾಡಿಸಿದ ಚಲುವ, ಪಕ್ಕದ ಮನೆಯವಳ ಮಗಳಿಗೆ ಫಾರಂ ತುಂಬಿಕೊಟ್ಟ ಮೇಷ್ಟ್ರು, ಸಾಕಮ್ಮನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ ಕೂಸು, ಮತ್ತೆ ಸುಧಾಳ ಬಾವ. ಸುಧಾ ಅವನ ಸೋದರತ್ತೆಯ ಮಗಳು, ಗುರುಪುರದವಳು, ತೊಟ್ಟಿಲಲ್ಲಿದ್ದಾಗಲೇ ಇವಳು ಚಲುವನಿಗೆ ಎಂದು ಮಾತಾಡಿಟ್ಟಿದ್ದವಳು, ಈಗ ಹುಣಸೂರಿನ ಬಸ್ ಕಂಡಕ್ಟರನ ಹೆಂಡತಿ, ತಿಥಿ ಕಳೆದರೂ ಎರಡು ದಿನ ಇರುತ್ತೇನೆಂದು ನಿಂತಿದ್ದಾಳೆ. ಎಲ್ಲರಿಗಿಂತ ಜೋರಾಗಿ ಅತ್ತವಳು ಅವಳು, ಅತ್ತು ಮುಗಿಸಿ ಎಲ್ಲರಿಗಿಂತ ಬೇಗ ಕಡ್ಡಿ ಕಟ್ಟಿದವಳೂ ಅವಳೇ. ಎಂ.ಎ. ತರಗತಿಯಲ್ಲಿ ಸಮಾಜಶಾಸ್ತ್ರದ ಮೇಡಂ ಬೋರ್ಡಿನ ಮೇಲೆ ಬರೆಯುತ್ತಿದ್ದರು, ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಎರಡು ಗೆರೆ, ಅತ್ತೆಮಗಳು ಮಾವನ ಮಗ, ಇದು ದಕ್ಷಿಣದ ಪದ್ಧತಿ — ಗೆರೆ ಎಳೆಯದೆ ಉಳಿದ ವೃತ್ತಕ್ಕೆ, ಕೈಬಿಟ್ಟ ಅತ್ತೆಮಗಳಿಗೆ, ಗುರುತೇ ಇರಲಿಲ್ಲ. ಈ ಊರಲ್ಲಿ ಒಂದು ಗುರುತಿತ್ತು. ಅತ್ತೆಮಗಳಿರುವಾಗ ಹೊರಗಿನ ಹೆಣ್ಣು ತಂದರೆ, ಲಗ್ನ ಕಟ್ಟಿಸುವ ಮುಂಚೆ ಹಿರಿಯರು ಅತ್ತೆಮಗಳ ಮನೆಗೆ ಹೋಗಿ ಸೀರೆ, ವೀಳ್ಯ ಅವಳ ಮಡಿಲಿಗಿಟ್ಟು ಬಿಟ್ಟುಕೊಡವ್ವ ಎಂದು ಕೇಳಬೇಕು, ಗಂಡು ಆ ಕಡೆ ಸುಳಿಯಬಾರದು. ಶಾಂತಲಾಳ ಊರು ಮಿರ್ಲೆ, ಅಲ್ಲಿ ಇದಿಲ್ಲ. ಮದುವೆಯ ದಿನ ಆ ಸೀರೆ ಉಟ್ಟು ಆರತಿ ಹಿಡಿದು ನಿಂತ ಸುಧಾಳನ್ನು ಕಂಡು, ಹಿರಿಯರು ಕೇಳಿದರು, ಇವಳು ಕೊಟ್ಟಳು, ಅಷ್ಟೇ ಅಂದುಕೊಂಡಿದ್ದಳು. ಅವನು ಅದರಲ್ಲಿ ಎಲ್ಲೂ ಇರಲಿಲ್ಲ. ಹಿರಿಯರೂ ಏನೋ ಹೇಳಿರುತ್ತಾರೆ, ಅವನೂ ಆಗಲಿ ಅಂದಿರುತ್ತಾನೆ.

ಒಬ್ಳೇ ಬ್ಯಾಡ, ಸುಧಾನ್ನ ಕರ್ಕಂಡೋಗು ಎಂದು ಸಾಕಮ್ಮ, ಹಾಗಾಗಿ ಈಗ ಬಸ್ಸಿನಲ್ಲಿ ಪಕ್ಕ ಸುಧಾ, ಕಿಟಕಿಯಾಚೆ ಜೋಳದ ಹೊಲ, ಬ್ಯಾರನ್ನುಗಳ ಹೊಗೆ, ಶುಂಠಿ ತುಂಬಿದ ಲಾರಿ, ಬಸ್ಸಿನವರು ಇವಳ ಬರಿಯ ಹಣೆ ನೋಡಿ ಕಣ್ಣು ತೆಗೆಯುತ್ತಾರೆ, ಮತ್ತೆ ನೋಡುತ್ತಾರೆ. ಸುಧಾ ಡಿಸ್ಕಿನ ಹೊದಿಕೆಯ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ಐದು ಜನ ಎಣ್ಮಕ್ಳು ಒಂದೇ ತರ ಕಣ್ಣು ಬಿಟ್ಕಂಡವ್ರಲ್ಲ, ಏನಕ್ಕ ಇದು. ಶಾಂತಲಾ ಕಥೆ ಹೇಳಿದಳು, ಚುಟುಕಾಗಿ, ಐವರು, ಒಬ್ಬ, ಒಬ್ಬರಿಗೂ ಹೇಳುವುದಿಲ್ಲ. ಸುಧಾ ಬಾಯಿಗೆ ಸೆರಗು ಹಿಡಿದು ನಕ್ಕಳು, ಐದು ಜನ ಜಗಳ ಆಡ್ದಲೆ ಒಂದೇ ಒಲೇಲಿ ಬೇಯಿಸ್ಕಂಡು ತಿಂತಾರಾ, ನಮ್ಮನೇಲಿ ಇಬ್ರು ವಾರಗಿತ್ತೀರಿಗೇ ಆಗಲ್ಲ, ಆ ಹುಡ್ಗಂಗೆ ಬಾಯಿಲ್ವಾ, ಬಾವನ ತರ ಒಂದ್ಸಲ ಬಂದು ಕೂತ್ಕಂಡ್ರೆ ಗೊತ್ತಾಗ್ತಿತ್ತು. ಬಾವನ ತರ ಅಂದರೆ? ಬಸ್ಸು ರಸ್ತೆಯ ಉಬ್ಬಿನ ಮೇಲೆ ಹಾರಿ ಇಳಿಯಿತು. ಸುಧಾ ಡಿಸ್ಕನ್ನು ಇವಳ ಕೈಗಿಟ್ಟು, ಬಾವ ಹೇಳಿಲ್ವಾ, ಯಾರ್ಗೂ ಹೇಳ್ಬೇಡಿ ಅಂದಿದ್ದೆ ನಾನೇ, ಆಗ್ಲಿ ಅಂದಿದ್ರು, ಹೇಳ್ಲಿಲ್ಲ ಅನ್ನಿ ಹಂಗಾರೆ. ನಿಮ್ ಮದ್ವೆಗೆ ಮುಂಚೆ ವೀಳ್ಯ ತತ್ತಾ ಇದ್ರಲ್ಲ, ದೊಡ್ಡೋರು ಸ್ವಾಮಾರ ಬರ್ಬೇಕಿತ್ತು, ಇವ್ರು ಭಾನ್ವಾರವೇ ಬಂದ್ಬುಟ್ರು, ಒಬ್ರೇ, ತಟ್ಟೇಲಿ ಎಲೆ ಅಡಿಕೆ ಸೀರೆ ಇಡ್ಕಂಡು. ಗಂಡು ಬರಂಗೇ ಇಲ್ಲ ಕಣಕ್ಕ, ಊರ್ನೋರೆಲ್ಲ ನೋಡ್ತಾವ್ರೆ, ಜಗ್ಲಿ ಮ್ಯಾಲೆ ಕೂತ್ಕಂಡು ಒಳಿಕ್ಕೆ ಕೇಳಂಗೆ ಅಂದ್ರು, ಸುಧಾ, ನಾನು ಆ ಹುಡ್ಗೀನೇ ಮದ್ವೆ ಆಗೋದು, ನೀನು ಇಸ್ಕಂಡ್ರೂ ಆಯ್ತೀನಿ, ಇಸ್ಕಳ್ದಿದ್ರೂ ಆಯ್ತೀನಿ, ಆದ್ರೆ ನಿಂಗೆ ನಾನೇ ಹೇಳ್ಬೇಕು, ಬ್ಯಾರೇರ್ ಬಾಯಲ್ಲಿ ಕೇಳ್ಬಾರ್ದು ನೀನು. ಇಸ್ಕಳಲ್ಲ ಹೋಗಿ ಅಂದೆ, ಕಿಟ್ಕಿ ಮುಚ್ದೆ. ನಮ್ಮಪ್ಪ ಬೈದ್ರು, ಮಾನ ಇದ್ರೆ ಎದ್ದೋಗ್ಲಾ ಅಂದ್ರು, ಏಳ್ಲಿಲ್ಲ. ಬಿಸ್ಲು ಜಗ್ಲಿಗೇ ಬಂತು, ಏಳ್ಲಿಲ್ಲ. ಅವ್ವ ನೀರು ಕೊಡಕ್ಕೋದ್ಲು, ನಾನೇ ಬ್ಯಾಡ ಅಂದೆ, ಅಷ್ಟು ಕ್ವಾಪ ನಂಗೆ. ದನ ಮನೆಗೆ ಬರೋ ಗಂಟ ತಟ್ಟೆ ಮಂಡಿ ಮ್ಯಾಲಿಂದ ಕೆಳಿಕ್ಕೆ ಇಡ್ಲಿಲ್ಲ, ಎಲೆ ಎಲ್ಲ ಸುತ್ಕಂಡೋಗಿದ್ವು. ಬಾಡೋಗಿದ್ದ ಎಲೇನೇ ಇಸ್ಕಂಡೆ. ಸುಧಾ ಕಿಟಕಿಯ ಕಡೆ ತಿರುಗಿದಳು, ನನ್ ಗಂಡ ಒಳ್ಳೇವ್ರೇ ಕಣಕ್ಕ, ಅದಲ್ಲ, ಅವತ್ತು ಮಾತ್ರ ನಿಮ್ ಮ್ಯಾಲೆ ಬಾಳ ಹೊಟ್ಟೆಕಿಚ್ಚಾಯ್ತು.

ಕೊಪ್ಪ ಬಂತು, ಇಳಿದರು, ಕೆಂಪು ಬಟ್ಟೆಯ ಸನ್ಯಾಸಿಗಳು ಆಟೋಗೆ ಕಾಯುತ್ತಿದ್ದಾರೆ, ಯಾರೋ ಜೋಳ ಸುಡುತ್ತಿದ್ದಾರೆ, ಅವಳ ಕಾಲು ನಡೆಯುತ್ತಿದೆ, ತಲೆಯಲ್ಲಿ ಬಿಸಿಲು ಬಂದ ಜಗಲಿ — ಎಲ್ಲಕ್ಕೂ ಆಗಲಿ ಅನ್ನುವವನು ಇವಳಿಗೋಸ್ಕರ ಇನ್ನೊಬ್ಬಳಿಗೆ ಇಲ್ಲ ಅನ್ನಲು ಹೋಗಿ ಕೂತದ್ದು, ನೀರಿಲ್ಲದೆ, ಬೈಸಿಕೊಂಡು, ಮಂಡಿಯ ಮೇಲೆ ತಟ್ಟೆ. ಆ ಭಾನುವಾರ ಅವಳು ಮಿರ್ಲೆಯಲ್ಲಿ ಏನು ಮಾಡುತ್ತಿದ್ದಳು, ತಲೆಗೆ ಸ್ನಾನ ಮಾಡಿ ಒಣಗಿಸಿಕೊಳ್ಳುತ್ತಿದ್ದಳೋ ಏನೋ, ಅದೇ ಬಿಸಿಲಿನಲ್ಲಿ. ಹೇಡಿತನ ಅಂದಿದ್ದಳಲ್ಲ, ಅವನ ಪಕ್ಕದಲ್ಲೇ ಕೂತು. ಸುಧಾ ಅಂಗಡಿಯ ಬಾಗಿಲಲ್ಲೇ ಸ್ವೆಟರು ಮುಟ್ಟಿ ನೋಡುತ್ತ ನಿಂತಳು. ಡೋಲ್ಮಾ ಗಲ್ಲಾದಿಂದ ತಲೆಯೆತ್ತಿ, ಮೇಷ್ಟ್ರು ಬಂದಿಲ್ವಾ ಮೇಡಂ, ಬಾಳ ದಿನ ಆಯ್ತು. ತೀರಿಕೊಂಡರು. ಆ ಮಾತು ಅವಳ ಬಾಯಿಂದ ಮೊದಲ ಸಲ ಬಂದದ್ದು, ಇದುವರೆಗೆ ಬೇರೆಯವರೇ ಹೇಳುತ್ತಿದ್ದರು, ಹೇಳಿದ ಮೇಲೆ ನಾಲಿಗೆ ತನ್ನದೇ ಎಂದು ಗೊತ್ತಾಯಿತು, ದವಡೆಯೂ ತನ್ನದೇ. ಡೋಲ್ಮಾ ಕೈ ಮುಗಿದು ತನ್ನ ಭಾಷೆಯಲ್ಲಿ ಏನೋ ಅಂದಳು. ಆಮೇಲೆ, ಇದು ನೋಡಿದ್ರಾ, ಇಲ್ಲಾಂದ್ರೆ ಇಟ್ಕೊಳಿ ಮೇಡಂ, ನೋಡಿ ಆಮೇಲೆ ಕೊಡಿ. ಬೇಡ. ಕೊನೆಗೆ ಆ ಹುಡುಗ ಯಾರನ್ನೂ ಆಯ್ದುಕೊಳ್ಳುವುದಿಲ್ಲ ಅಲ್ಲವಾ? ಇಲ್ಲ ಮೇಡಂ, ಐದು ಜನಾನೂ ಅಡುಗೆಮನೇಲಿ ನಗ್ತಾ ಇರ್ತಾರೆ, ಅವನೂ ನಗ್ತಾನೆ, ಮುಗೀತು. ಮುಗಿಯಿತು. ಐವರನ್ನು ಬರೆದವನು ಚೆನ್ನಾಗಿಯೇ ಬರೆದಿದ್ದ, ಗಂಜಿಯನ್ನೂ ಸೈಕಲನ್ನೂ ನಂಬುವ ಹಾಗೆ ಬರೆದಿದ್ದ, ಆ ಹುಡುಗನನ್ನು ಎಬ್ಬಿಸಿ ಒಂದು ಬಾಗಿಲಿನ ಮುಂದೆ ಕೂರಿಸಿದ್ದರೆ ಎಲ್ಲವನ್ನೂ ನಂಬಬಹುದಿತ್ತು, ಕೂರಿಸಲಿಲ್ಲ, ಪಾಪ, ಬರೆದವನಿಗೂ ಅದು ಕಷ್ಟವೇ ಇದ್ದೀತು. ಅವಳು ಡಿಸ್ಕನ್ನು ಗಾಜಿನ ಮೇಲಿಟ್ಟಳು, ಕೈ ತೆಗೆಯಬೇಕು, ತೆಗೆಯುತ್ತಾಳೆ, ಮುಚ್ಚಿದ ಕಿಟಕಿ, ಬಿಸಿಲು, ಮಂಡಿಯ ಮೇಲೆ ತಟ್ಟೆ, ಅವನು ಏಳುವುದಿಲ್ಲ, ಎಲೆಗಳು ಅಂಚಿನಿಂದ ಸುತ್ತಿಕೊಳ್ಳುತ್ತಿವೆ, ಏಳುವುದಿಲ್ಲ, ಎಲೆಗಳು —