ಮೇಲಂಚು, ಕೆಳಂಚು

ಕನಕಪುರದ ಆ ಪಿಯು ಕಾಲೇಜಿಗೆ ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ಚನ್ನಪಟ್ಟಣದಿಂದ ರೇವಣಸಿದ್ದಯ್ಯನವರು ಬಂದಿದ್ದರು. ಅನುಭವಸ್ಥರು. ಬ್ಯೂರೆಟ್ಟನ್ನು, ಅಂದರೆ ಅಳತೆಗೆರೆಗಳಿರುವ ಗಾಜಿನ ಕೊಳವೆಯನ್ನು, ಕೊನೆಯ ಬಾರಿ ಕಣ್ಣಿಟ್ಟು ನೋಡಿದ್ದು ಯಾವಾಗ ಎಂಬುದು ಅವರಿಗೇ ಮರೆತುಹೋಗುವಷ್ಟು ಅನುಭವ.

ವಿದ್ಯಾರ್ಥಿನಿ ಮೇಘನಾ ಕಡುನೇರಳೆ ಬಣ್ಣದ ಪರ್ಮಾಂಗನೇಟ್ ದ್ರಾವಣ ತುಂಬಿದ ಬ್ಯೂರೆಟ್ಟಿನ ಎದುರು ಬಗ್ಗಿ, ಕಣ್ಣನ್ನು ದ್ರವದ ಮಟ್ಟಕ್ಕೆ ತಂದು, ಕೊಳವೆಯಲ್ಲಿ ಬಾಗಿ ನಿಂತ ದ್ರವದ ಮೇಲಂಚನ್ನು ಓದಿ ಬರೆದುಕೊಂಡಿದ್ದಳು. ದ್ರವವನ್ನು ತೊಟ್ಟುತೊಟ್ಟಾಗಿ ಇಳಿಸಿ ಟೈಟ್ರೇಷನ್ ಮುಗಿಸಿ ಮತ್ತೆ ಬಗ್ಗುವಾಗ ಹಿಂದಿನಿಂದ ರೇವಣಸಿದ್ದಯ್ಯನವರ ದನಿ ಬಂತು.

"ಕೆಳಗಿನ್ ಅಂಚು ಓದ್ಬೇಕು ಕಣಮ್ಮ. ಹೈಸ್ಕೂಲ್ ಮಕ್ಳಿಗೂ ಗೊತ್ತು."

"ಬಣ್ಣ ಗಾಢವಾಗೈತೆ ಸಾರ್. ಕೆಳಗಿಂದು ಕಾಣಾಕಿಲ್ಲ."

"ನಂಗೆ ಕಾಣ್ತೈತಲ್ಲ!" ಅವರ ಕನ್ನಡಕ ಜೇಬಿನಲ್ಲಿತ್ತು.

ಪಾಠ ಮಾಡಿದ್ದ ಪ್ರತಿಮಾ ಮೇಡಂ ಹತ್ತಿರ ಬಂದರು. "ಸಾರ್, ಶುರುವಿಗೆ ಮೇಲಂಚು ಓದವ್ಳೆ. ಕೊನೆಗೂ ಅದನ್ನೇ ಓದ್ಲಿ. ಕಳೆದ್ರೆ ಸರಿಯಾದ ಅಳತೆನೇ ಬತ್ತದೆ. ಒಂದ್ಸಲ ಮೇಲೆ, ಒಂದ್ಸಲ ಕೆಳಗೆ ಓದಿದ್ರೆ ತಪ್ಪಾಯ್ತದೆ."

"ರೂಲ್ಸು ಅಂದ್ರೆ ರೂಲ್ಸು ಮೇಡಂ."

ಜಗಳ ಪ್ರಿನ್ಸಿಪಾಲ್ ಮನೋಹರ್ ಅವರವರೆಗೆ ಹೋಯಿತು. ಅವರದು ಇತಿಹಾಸ ವಿಷಯ. ಹೀಗಾಗಿ ಸಂಧಾನ ಚೆನ್ನಾಗಿ ಗೊತ್ತಿತ್ತು. ಬ್ಯೂರೆಟ್ಟನ್ನು ದೂರದಿಂದಲೇ ನೋಡಿ ತೀರ್ಪು ಕೊಟ್ಟರು: "ಮೇಲೂ ಬೇಡ, ಕೆಳಗೂ ಬೇಡ. ಒಸಿ ಮಧ್ಯಕ್ಕೆ ತಗೊಳ್ಳಿ. ಇಬ್ರ ಮರ್ಯಾದೆನೂ ಉಳೀತದೆ."

ರಸಾಯನಶಾಸ್ತ್ರದ ಮರ್ಯಾದೆಯನ್ನು ಯಾರೂ ಕೇಳಲಿಲ್ಲ. ಮೇಘನಾ ಕೊನೆಯ ಅಳತೆಯನ್ನು ಮಧ್ಯಕ್ಕೆ ಬರೆದಳು. ಉತ್ತರ ತಪ್ಪಿತು, ಅಂಕ ಹೋಯಿತು. ಪಕ್ಕದ ಮೇಜಿನ ಸಿದ್ಧಾರ್ಥ ಬ್ಯೂರೆಟ್ಟಿನ ತಿರುಪನ್ನೇ ಮುಟ್ಟದೆ, ಬೆಳಗಿನ ತಂಡದವರು ಪಿಸುಗುಟ್ಟಿದ ಸಂಖ್ಯೆಯನ್ನು ಬರೆದಿದ್ದ. ಅವನಿಗೆ ಪೂರ್ತಿ ಅಂಕ. "ನಿಖರತೆ ಅಂದ್ರೆ ಇದು," ಎಂದು ರೇವಣಸಿದ್ದಯ್ಯ ಅವನ ಬೆನ್ನು ತಟ್ಟಿದರು.

ಪ್ರತಿಮಾಗೆ ಮೈ ಉರಿಯಿತು. ಮಕ್ಕಳು ಹೊರಗೆ ಹೋದ ಮೇಲೆ ಪರೀಕ್ಷಕರ ಕೈಗೆ ಪೆನ್ಸಿಲ್ ಕೊಟ್ಟು, "ಆ ಕೆಳಗಿನ್ ಅಂಚು ಎಲ್ಲೈತೆ, ಒಸಿ ತೋರ್ಸಿ ಸಾರ್," ಎಂದರು. ರೇವಣಸಿದ್ದಯ್ಯ ತೋರಿಸಿದರು. ಕನ್ನಡಕ ಹಾಕಿಸಿ ಮತ್ತೆ ಕೇಳಿದಾಗ ಪೆನ್ಸಿಲ್ ಬೇರೆ ಗೆರೆಯ ಮೇಲೆ ನಿಂತಿತು. ಮೂರನೆಯ ಸಲ ಎಲ್ಲಿಯೂ ನಿಲ್ಲಲಿಲ್ಲ.

"ಇವತ್ತು ಬೆಳಕು ಸರಿಯಿಲ್ಲ ಮೇಡಂ," ಎಂದವರೇ ಮೇಘನಾಳ ಉತ್ತರ ಪತ್ರಿಕೆ ಎಳೆದುಕೊಂಡು, ಕಳೆದಿದ್ದ ಅಂಕಗಳನ್ನು ಮತ್ತೆ ತುಂಬಿದರು.

ಪ್ರತಿಮಾ ಸುದ್ದಿ ಹೇಳಿದಾಗ ಕಾರಿಡಾರಿನಲ್ಲಿ ಕಾಯುತ್ತಿದ್ದ ಮೇಘನಾಳ ಮುಖ ಅರಳಿತು. "ಹಂಗಾದ್ರೆ ನಾ ಓದಿದ್ದು ಸರಿ ಅಂತ ಒಪ್ಕಂಡ್ರಾ ಮಿಸ್?"

"ಇಲ್ಲ ಕಣವ್ವ," ಎಂದರು ಪ್ರತಿಮಾ. "ನಿನ್ ಕೈಬರಹ ಚೆನ್ನಾಗೈತಂತೆ."